ಕಾಂತಕ್ಷೇತ್ರದೊಳಗೆ ಚಾರ್ಜ್ ಹೇಗೆ ಓಡತ್ತೆ: ಬೆರಳಿಂದ ಶುರು ಮಾಡಿ ಕಂಪ್ಯೂಟರ್ ತನಕ

ಈ ಟಾಪಿಕ್ ಬಂದ ಕೂಡ್ಲೆ ತುಂಬಾ ಜನ ಮೊದಲು ಫಾರ್ಮುಲಾ ಬರೆದುಬಿಡ್ತಾರೆ, ಸುತ್ತಿನ ತ್ರಿಜ್ಯ ಎಂವಿ ಬೈ ಕ್ಯೂಬಿ ಅಂತ (ಇದೇನು ಅಂತ ನಾಲ್ಕನೇ ಹಂತದಲ್ಲಿ ಬರತ್ತೆ). ಆಮೇಲೆ ಸರಿ, ಕಣ ಮೇಲಕ್ಕೆ ಬಾಗತ್ತಾ ಕೆಳಕ್ಕೆ ಬಾಗತ್ತಾ ಅಂತ ಕೇಳಿದ್ರೆ ಸುಮ್ಮನಾಗ್ತಾರೆ. ನಾನೂ ಹಾಗೇ ಕಲ್ತಿದ್ದು, ಉತ್ತರ ಬರ್ತಿತ್ತು ಆದ್ರೆ ಒಳಗೆ ಏನಾಗ್ತಿದೆ ಅನ್ನೋ ಚಿತ್ರ ಕಣ್ಮುಂದೆ ಇರ್ಲಿಲ್ಲ. ಅದು ಬಂದಿದ್ದು ಲೆಕ್ಕ ಮಾಡೋ ಕ್ರಮ ಬದಲಾಯಿಸಿದ ಮೇಲೆ. ಮೊದಲು ದಿಕ್ಕು, ಆಮೇಲೆ ವೇಗವನ್ನ ಎರಡು ಭಾಗ ಮಾಡೋದು, ಕೊನೆಗೆ ನಂಬರ್. ಇಲ್ಲಿ ಅದೇ ಕ್ರಮದಲ್ಲಿ ಹೇಳ್ತೀನಿ, ಪಕ್ಕದಲ್ಲಿ ಒಂದು ಪೇಪರ್ ಪೆನ್ ಇಟ್ಕೊಂಡು ಓದಿ.

ಶುರು ಮಾಡೋಕ್ಕೆ ಮುಂಚೆ ಒಂದೇ ಒಂದು ವಿಷಯ ಗಟ್ಟಿಯಾಗಿ ಹಿಡ್ಕೊಳ್ಳಿ, ಮುಂದಿನದೆಲ್ಲಾ ಇದರ ಮೇಲೇ ನಿಂತಿರೋದು. ಕಾಂತಕ್ಷೇತ್ರ (ಮುಂದೆ ಬರೀ ಫೀಲ್ಡ್ ಅಂತೀನಿ) ಚಾರ್ಜ್ ಮೇಲೆ, ಅಂದ್ರೆ ವಿದ್ಯುದಂಶ ಇರೋ ಕಣದ ಮೇಲೆ, ಹಾಕೋ ಬಲ ಯಾವಾಗ್ಲೂ ಚಾರ್ಜ್ ಓಡ್ತಿರೋ ದಿಕ್ಕಿಗೆ ಅಡ್ಡವಾಗಿ ಇರತ್ತೆ, ಸರಿಯಾಗಿ 90 ಡಿಗ್ರಿ. ಓಡೋ ದಿಕ್ಕಲ್ಲಿ ಬಲದ ಅಂಶ ಒಂಚೂರೂ ಇಲ್ಲ ಅಂದ್ಮೇಲೆ ಅದು ಸ್ಪೀಡ್ ಹೆಚ್ಚಿಸೋಕ್ಕೂ ಆಗಲ್ಲ, ಕಡಿಮೆ ಮಾಡೋಕ್ಕೂ ಆಗಲ್ಲ. ಬರೀ ತಿರುಗಿಸತ್ತೆ ಅಷ್ಟೆ. ಎಷ್ಟೇ ದೊಡ್ಡ ಮ್ಯಾಗ್ನೆಟ್ ತಂದಿಡಿ, ಕಣದ ಶಕ್ತಿ ಒಂದು ಚೂರೂ ಬದಲಾಗಲ್ಲ. ನಿಮ್ಮ ಲೆಕ್ಕದಲ್ಲಿ ಬರೀ ಕಾಂತಕ್ಷೇತ್ರ ಇದ್ದು ಕೊನೇಲಿ ಸ್ಪೀಡ್ ಬೇರೆ ಬಂದಿದ್ರೆ ಅಲ್ಲೇ ನಿಲ್ಲಿಸಿ ಹಿಂದಕ್ಕೆ ಹೋಗಿ, ಎಲ್ಲೋ ತಪ್ಪಿದೆ.

ಹಂತ 1: ಚಿತ್ರ ಬರೆಯಿರಿ

ಮೂರು ವಿಷಯ ಬೇಕು. ಚಾರ್ಜ್ ಪಾಸಿಟಿವ್ವಾ ನೆಗೆಟಿವ್ವಾ, ಅದು ಯಾವ ಕಡೆ ಹೋಗ್ತಿದೆ, ಫೀಲ್ಡ್ ಯಾವ ಕಡೆ ಇದೆ. ಫೀಲ್ಡ್ ಪೇಪರಿಂದ ನಮ್ಮ ಕಡೆಗೆ ಬರ್ತಿದ್ರೆ ಚುಕ್ಕಿ ಹಾಕಿ, ಪೇಪರ್ ಒಳಕ್ಕೆ ಹೋಗ್ತಿದ್ರೆ ಇಂಟು ಗುರುತು ಹಾಕಿ. ಬಾಣ ನಮ್ಮ ಕಡೆ ಬಂದ್ರೆ ಅದರ ಮೊನೆ ಕಾಣತ್ತೆ, ದೂರ ಹೋಗ್ತಿದ್ರೆ ಹಿಂದಿನ ಗರಿ ಕಾಣತ್ತೆ, ಗುರುತು ಬಂದಿರೋದೇ ಹಾಗೆ, ಹಾಗಾಗಿ ಬಾಯಿಪಾಠ ಮಾಡೋದು ಬೇಕಿಲ್ಲ.

ಚಾರ್ಜ್ ನಿಂತಲ್ಲೇ ನಿಂತಿದ್ರೆ ಬಲ ಸೊನ್ನೆ. ನ್ಯೂಟ್ರಾನ್ ಥರ ಚಾರ್ಜೇ ಇಲ್ಲದ ಕಣಕ್ಕೂ ಈ ಬಲ ಸೊನ್ನೆ. ಫೀಲ್ಡ್ ಇರೋ ದಿಕ್ಕಲ್ಲೇ ಅಥವಾ ಅದಕ್ಕೆ ನೇರ ಉಲ್ಟಾ ಓಡ್ತಿದ್ರೂ ಸೊನ್ನೆ, ಸುಮ್ನೆ ನೇರ ಹೋಗ್ತಾ ಇರತ್ತೆ. ಈ ಮೂರು ಕೇಸ್ ಮೊದಲೇ ನೋಡಿದ್ರೆ ಎಷ್ಟೋ ಸಲ ಲೆಕ್ಕನೇ ಮಾಡ್ಬೇಕಾಗಲ್ಲ.

ಗುರುತ್ವ ಲೆಕ್ಕಕ್ಕೆ ತಗೋಬೇಕಾ ಅಂತ ಕೆಲವರಿಗೆ ಡೌಟ್ ಬರತ್ತೆ, ಬರಲಿ, ಒಳ್ಳೇ ಡೌಟೇ. ಒಂದು ಎಲೆಕ್ಟ್ರಾನ್ ತೂಕ ಸುಮಾರು 9 × 10⁻³⁰ ನ್ಯೂಟನ್. ಅದೇ ಎಲೆಕ್ಟ್ರಾನ್ ಒಂದು ಮಿಲಿಟೆಸ್ಲಾ (ಟೆಸ್ಲಾ ಅಂದ್ರೆ ಕಾಂತಕ್ಷೇತ್ರ ಅಳೆಯೋ ಮಾನ, ಇದು ಅದರ ಸಾವಿರದಲ್ಲೊಂದು ಭಾಗ) ಫೀಲ್ಡಲ್ಲಿ ಸೆಕೆಂಡಿಗೆ 80 ಲಕ್ಷ ಮೀಟರ್ ಹೋಗ್ತಿದ್ರೆ ಕಾಂತೀಯ ಬಲ ಸುಮಾರು 1.3 × 10⁻¹⁵ ನ್ಯೂಟನ್. ಅಂದ್ರೆ ತೂಕದ ನೂರು ಲಕ್ಷ ಕೋಟಿ ಪಟ್ಟಿಗಿಂತ ಜಾಸ್ತಿ. ಗುರುತ್ವ ಮರೆತುಬಿಡಿ.

ಹಂತ 2: ಕೈ ಬಳಸಿ ದಿಕ್ಕು ಕಂಡುಹಿಡಿಯಿರಿ

ಬಲಗೈ ನಿಯಮ, ಫ್ಲೆಮಿಂಗ್ ಎಡಗೈ ನಿಯಮ, ಹಸ್ತ ನಿಯಮ ಅಂತ ನಾಲ್ಕೈದು ಇವೆ, ಎಲ್ಲಾ ಸರಿನೇ, ಆದ್ರೆ ಎರಡನ್ನ ಕಲಸಿಕೊಂಡ್ರೆ ಕೆಟ್ಟಿತು. ಒಂದನ್ನ ಆರಿಸ್ಕೊಂಡು ಜೀವನ ಪೂರ್ತಿ ಅದನ್ನೇ ಬಳಸಿ ಅಂತ ನನ್ನ ಸಲಹೆ. ನಾನು ಬಳಸೋದು ಬಲಗೈದು. ನಾಲ್ಕು ಬೆರಳು ವೇಗದ ಕಡೆ ಚಾಚಿ, ಅಲ್ಲಿಂದ ಫೀಲ್ಡ್ ಇರೋ ಕಡೆಗೆ ಮಡಚಿ, ಆಗ ಹೆಬ್ಬೆರಳು ತೋರಿಸೋ ಕಡೆ ಪಾಸಿಟಿವ್ ಚಾರ್ಜ್ ಮೇಲಿನ ಬಲ. ಎಲೆಕ್ಟ್ರಾನ್ ಆದ್ರೆ ಇಷ್ಟೂ ಮಾಡಿ ಕೊನೇಲಿ ಉತ್ತರವನ್ನ ತಿರುಗಿಸಿ. ಮಧ್ಯದಲ್ಲಿ ತಿರುಗಿಸಬೇಡಿ, ಮಧ್ಯದಲ್ಲಿ ತಿರುಗಿಸಿದವ್ರು ಕೊನೇಲಿ ಮತ್ತೊಂದ್ಸಲ ತಿರುಗಿಸಿ ಮೊದಲಿನ ಜಾಗಕ್ಕೇ ಬಂದು ನಿಲ್ಲೋದನ್ನ ನಾನು ತುಂಬಾ ಸಲ ನೋಡಿದೀನಿ.

ಈಗ್ಲೇ ಮಾಡಿ ನೋಡಿ. ಫೀಲ್ಡ್ ಪೇಪರ್ ಒಳಕ್ಕೆ, ಪ್ರೋಟಾನ್ ಬಲಕ್ಕೆ ಹೋಗ್ತಿದೆ. ಬೆರಳು ಬಲಕ್ಕೆ ಚಾಚಿ ಪೇಪರ್ ಒಳಕ್ಕೆ ಮಡಚಿದ್ರೆ ಹೆಬ್ಬೆರಳು ಪೇಪರಿನ ಮೇಲ್ತುದಿ ಕಡೆ ಬರತ್ತೆ. ಪ್ರೋಟಾನ್ ಮೇಲಕ್ಕೆ ಬಾಗಿತು. ಬಾಗಿದ ಮೇಲೆ ವೇಗದ ದಿಕ್ಕು ಬದಲಾಯ್ತು, ಅಂದ್ರೆ ಬಲದ ದಿಕ್ಕೂ ಬದಲಾಯ್ತು, ಮತ್ತೆ ಬಾಗಿತು, ಹೀಗೇ ಬಾಗ್ತಾ ಬಾಗ್ತಾ ಅಪ್ರದಕ್ಷಿಣ ದಿಕ್ಕಲ್ಲಿ ಒಂದು ಸುತ್ತು ಬರತ್ತೆ. ಎಲೆಕ್ಟ್ರಾನ್ ಆದ್ರೆ ಪ್ರದಕ್ಷಿಣ. ಫೀಲ್ಡ್ ಹೊರಗೆ ಬರ್ತಿದ್ರೆ ಎರಡೂ ಅದಲು ಬದಲು. ಈ ಒಂದು ಕೇಸ್ ಮನಸ್ಸಲ್ಲಿ ಕೂತ್ರೆ ಸಾಕು, ಉಳಿದದ್ದೆಲ್ಲಾ ಅದರಿಂದಲೇ ಬರತ್ತೆ.

ಹಂತ 3: ವೇಗವನ್ನ ಸೀಳಿ

ಫೀಲ್ಡ್ ಜೊತೆಗೆ ಸಾಗೋ ಭಾಗ ಒಂದು, ಫೀಲ್ಡಿಗೆ ಅಡ್ಡವಾಗಿರೋ ಭಾಗ ಇನ್ನೊಂದು. ಜೊತೆಗೆ ಸಾಗೋ ಭಾಗವನ್ನ ಕಾಂತಕ್ಷೇತ್ರ ಮುಟ್ಟೋದೇ ಇಲ್ಲ, ಅದು ಹೇಗಿತ್ತೋ ಹಾಗೇ. ಅಡ್ಡ ಭಾಗ ಮಾತ್ರ ಸುತ್ತತ್ತೆ. ವೇಗಕ್ಕೂ ಫೀಲ್ಡಿಗೂ ನಡುವೆ ಇರೋ ಕೋನದ ಕೊಸೈನ್ ಜೊತೆ ಗುಣಿಸಿದ್ರೆ ಮೊದಲನೇದು, ಸೈನ್ ಜೊತೆ ಗುಣಿಸಿದ್ರೆ ಎರಡನೇದು. ಕೋನ 90 ಡಿಗ್ರಿ ಅಂತ ಕೊಟ್ಟಿದ್ರೂ ಈ ಹಂತ ಬಿಡಬೇಡಿ, ಅಭ್ಯಾಸ ಆಗ್ಲಿ, ಮುಂದೆ ಸುರುಳಿ ಬಂದಾಗ ಇದೇ ಕೈ ಹಿಡಿಯೋದು.

ಹಂತ 4: ತ್ರಿಜ್ಯ, ಮತ್ತು ಒಂದು ನಿಜವಾದ ಪ್ರಯೋಗ

ಹಗ್ಗಕ್ಕೆ ಕಲ್ಲು ಕಟ್ಟಿ ತಿರುಗಿಸ್ದಾಗ ಹಗ್ಗ ಕಲ್ಲನ್ನ ನಡುವಿಗೆ ಎಳೀತಿರತ್ತಲ್ಲ, ಇಲ್ಲಿ ಹಗ್ಗದ ಕೆಲಸ ಕಾಂತಕ್ಷೇತ್ರ ಮಾಡತ್ತೆ. ಕಾಂತೀಯ ಬಲ ಅಂದ್ರೆ ಚಾರ್ಜ್ × ಅಡ್ಡ ವೇಗ × ಫೀಲ್ಡ್. ಸುತ್ತೋಕ್ಕೆ ಬೇಕಾದ ಬಲ ಅಂದ್ರೆ ದ್ರವ್ಯರಾಶಿ × ವೇಗದ ವರ್ಗ ÷ ತ್ರಿಜ್ಯ. ಎರಡನ್ನ ಸಮ ಮಾಡಿದ್ರೆ,

ತ್ರಿಜ್ಯ = (ದ್ರವ್ಯರಾಶಿ × ಅಡ್ಡ ವೇಗ) ÷ (ಚಾರ್ಜ್ × ಫೀಲ್ಡ್)

ಇದನ್ನ ಬಾಯಲ್ಲಿ ಓದಿ ನೋಡಿ. ಭಾರದ ಕಣ, ವೇಗದ ಕಣ ದೊಡ್ಡ ಸುತ್ತು ಹಾಕತ್ತೆ. ಫೀಲ್ಡ್ ಜಾಸ್ತಿ ಆದ್ರೆ ಸುತ್ತು ಬಿಗಿಯಾಗತ್ತೆ. ಮೇಲಿರೋದು ಮೊಮೆಂಟಮ್, ಅಂದ್ರೆ ಸಂವೇಗ, ಹಾಗಾಗಿ ಪಥ ಎಷ್ಟು ಬಾಗಿದೆ ಅಂತ ಅಳೆದ್ರೆ ಸಂವೇಗ ಅಳೆದ ಹಾಗೇನೆ.

ಈಗ ನಂಬರ್. 200 ವೋಲ್ಟಲ್ಲಿ ಓಡಿಸಿಬಿಟ್ಟ ಎಲೆಕ್ಟ್ರಾನ್ ತಗೊಳ್ಳಿ. ಎಲೆಕ್ಟ್ರಾನಿನ ಚಾರ್ಜ್ 1.602 × 10⁻¹⁹ ಕೂಲಂಬ್, ದ್ರವ್ಯರಾಶಿ 9.109 × 10⁻³¹ ಕೆಜಿ, ಭಾಗಿಸಿದ್ರೆ 1.76 × 10¹¹ ಕೂಲಂಬ್ ಪ್ರತಿ ಕೆಜಿ. ಈ ಕೊನೇ ನಂಬರ್ ನೆನಪಿಟ್ಕೊಳ್ಳಿ, ಎರಡೂ ಬೇರೆ ಬೇರೆ ಹಾಕಿ ಘಾತಾಂಕ ತಪ್ಪಿಸ್ಕೊಳ್ಳೋದು ತಪ್ಪತ್ತೆ. ಚಾರ್ಜ್ × ವೋಲ್ಟೇಜ್ ಅಷ್ಟೂ ಚಲನ ಶಕ್ತಿ (½ × ದ್ರವ್ಯರಾಶಿ × ವೇಗದ ವರ್ಗ) ಆಗತ್ತೆ, ಹಾಗಾಗಿ ವೇಗದ ವರ್ಗ = 2 × 1.76 × 10¹¹ × 200, ವರ್ಗಮೂಲ ತೆಗೆದ್ರೆ ಸೆಕೆಂಡಿಗೆ 8.39 × 10⁶ ಮೀಟರ್. ಬೆಳಕಿನ ವೇಗದ ಶೇಕಡಾ 3ಕ್ಕಿಂತ ಕಡಿಮೆ, ಹಾಗಾಗಿ ಸಾಪೇಕ್ಷತೆ (ಬೆಳಕಿನ ಹತ್ತಿರದ ವೇಗಕ್ಕೆ ಬೇಕಾಗೋ ಐನ್‌ಸ್ಟೈನ್ ಲೆಕ್ಕ) ತಲೆನೋವು ಇಲ್ಲ. ಫೀಲ್ಡ್ 1 ಮಿಲಿಟೆಸ್ಲಾ ಇದ್ರೆ ತ್ರಿಜ್ಯ = 8.39 × 10⁶ ÷ (1.76 × 10¹¹ × 10⁻³), ಅಂದ್ರೆ 4.8 ಸೆಂಟಿಮೀಟರ್. ಅಂಗೈ ಅಗಲದ ವೃತ್ತ! ಅದೇ ಸ್ಪೀಡಿನ ಪ್ರೋಟಾನ್ ಆಗಿದ್ರೆ 1836 ಪಟ್ಟು, ಹತ್ತಿರ ಹತ್ತಿರ 88 ಮೀಟರ್.

ಈ 4.8 ಸೆಂಟಿಮೀಟರ್ ಸುಮ್ನೆ ಪೇಪರ್ ಮೇಲಿನ ನಂಬರ್ ಅಲ್ಲ, ಕಣ್ಣಾರೆ ನೋಡ್ಬಹುದು. ಗಾಜಿನ ಬಲ್ಬಲ್ಲಿ ಚೂರೇ ಚೂರು ಗ್ಯಾಸ್ ಇಟ್ಟು ಒಳಗೆ ಎಲೆಕ್ಟ್ರಾನ್ ಗನ್ (ಎಲೆಕ್ಟ್ರಾನ್ ಚಿಮ್ಮಿಸೋ ಸಾಧನ) ಇಟ್ಟಿರ್ತಾರೆ, ಎಲೆಕ್ಟ್ರಾನ್ ಬಡಿದ ಗ್ಯಾಸ್ ಹೊಳೆಯತ್ತೆ, ಕತ್ತಲಲ್ಲಿ ಪಥ ಒಂದು ಉಂಗುರದ ಥರ ಕಾಣತ್ತೆ. ಎರಡು ಕಡೆ ಒಂದೇ ಅಳತೆಯ ಎರಡು ಸುರುಳಿ ಕಾಯಿಲ್, ಅವುಗಳ ನಡುವಿನ ದೂರ ಕಾಯಿಲಿನ ತ್ರಿಜ್ಯದಷ್ಟೇ, ಇದಕ್ಕೆ ಹೆಲ್ಮ್‌ಹೋಲ್ಟ್ಸ್ ಕಾಯಿಲ್ ಅಂತಾರೆ, ಹಾಗೆ ಇಟ್ರೆ ನಡುವೆ ಫೀಲ್ಡ್ ಚೆನ್ನಾಗಿ ಒಂದೇ ಸಮ ಇರತ್ತೆ. ಒಂದೊಂದರಲ್ಲೂ 130 ಸುತ್ತು, 15 ಸೆಂಟಿಮೀಟರ್ ತ್ರಿಜ್ಯ ಇರೋ ಜೋಡಿಗೆ 1.28 ಆಂಪಿಯರ್ ಕೊಟ್ರೆ ಹೆಚ್ಚು ಕಡಿಮೆ 1 ಮಿಲಿಟೆಸ್ಲಾ.

ಲ್ಯಾಬಲ್ಲಿ ಇದನ್ನ ಮಾಡೋರಿಗೆ ಕೆಲವು ಮಾತು, ಇದು ಯಾರೂ ಸರಿಯಾಗಿ ಹೇಳಿಕೊಡಲ್ಲ ಅನ್ನೋ ಬೇಜಾರು ನನಗಿದೆ. ಇಲ್ಲಿ ಕಂಡುಹಿಡಿಯೋದು ಚಾರ್ಜ್ ಬೈ ದ್ರವ್ಯರಾಶಿ, ಸೂತ್ರ 2 × ವೋಲ್ಟೇಜ್ ÷ (ಫೀಲ್ಡ್ ವರ್ಗ × ತ್ರಿಜ್ಯ ವರ್ಗ). ತ್ರಿಜ್ಯ ವರ್ಗದಲ್ಲಿದೆ, ಹಾಗಾಗಿ 4.8 ಇರೋದನ್ನ 5.0 ಅಂತ ಓದಿದ್ರೆ ತಪ್ಪು ಶೇಕಡಾ 4, ಆದ್ರೆ ಉತ್ತರದಲ್ಲಿ ಶೇಕಡಾ 8 ಎಗರಿ ಹೋಗತ್ತೆ. ಉಂಗುರ ಬಲ್ಬಿನ ಮಧ್ಯ ಇದೆ, ಸ್ಕೇಲ್ ಹೊರಗಿದೆ, ತಲೆ ಸ್ವಲ್ಪ ಆಚೀಚೆ ಆದ್ರೂ ರೀಡಿಂಗ್ ಬದಲಾಗತ್ತೆ. ಸ್ಕೇಲ್ ಹಿಂದೆ ಕನ್ನಡಿ ಇದ್ರೆ ಉಂಗುರ ಮತ್ತು ಅದರ ಪ್ರತಿಬಿಂಬ ಒಂದರ ಮೇಲೊಂದು ಬರೋ ಹಾಗೆ ಕಣ್ಣಿಟ್ಟು ಓದಿ. ಎಡ ಅಂಚು ಬಲ ಅಂಚು ಎರಡೂ ಓದಿ ಅರ್ಧ ಮಾಡಿ. ವೋಲ್ಟೇಜ್ ಬೇರೆ ಬೇರೆ ಇಟ್ಟು ಐದಾರು ರೀಡಿಂಗ್ ತಗೊಂಡು, ತ್ರಿಜ್ಯ ವರ್ಗದ ಎದುರು ವೋಲ್ಟೇಜ್ ಗ್ರಾಫ್ ಹಾಕಿ, ನೇರ ಗೆರೆ ಬಂದ್ರೆ ಅದರ ಇಳಿಜಾರಿಂದ ಉತ್ತರ ತೆಗೀರಿ, ಒಂದೇ ರೀಡಿಂಗ್ ಮೇಲೆ ಭರವಸೆ ಇಡಬೇಡಿ.

ಇನ್ನೊಂದು, ಭೂಮಿಯ ಕಾಂತಕ್ಷೇತ್ರ. ಜಾಗದ ಮೇಲೆ 25ರಿಂದ 65 ಮೈಕ್ರೋಟೆಸ್ಲಾ ಇರತ್ತೆ, ಇಷ್ಟು ಸಣ್ಣದು ಏನ್ಮಾಡತ್ತೆ ಅನ್ಸತ್ತೆ. 50 ಮೈಕ್ರೋಟೆಸ್ಲಾ ಅಂದ್ರೆ ನಮ್ಮ 1 ಮಿಲಿಟೆಸ್ಲಾದ ಶೇಕಡಾ 5, ಉತ್ತರದಲ್ಲಿ ಫೀಲ್ಡೂ ವರ್ಗದಲ್ಲಿದೆ, ಕಾಯಿಲಿನ ಅಕ್ಷ ಭೂಮಿಯ ಫೀಲ್ಡ್ ಕಡೆಗೇ ಇದ್ರೆ ಸುಮಾರು ಶೇಕಡಾ 10 ಹೊಡೆತ! ಕಾಯಿಲಿನ ಅಕ್ಷವನ್ನ ಭೂಮಿಯ ಫೀಲ್ಡಿಗೆ ಅಡ್ಡವಾಗಿ ತಿರುಗಿಸಿಟ್ರೆ ಈ ತಪ್ಪು ತುಂಬಾ ತಗ್ಗತ್ತೆ. ಹತ್ತಿರ ಮೊಬೈಲ್, ಸ್ಪೀಕರ್, ಕಬ್ಬಿಣದ ಸ್ಟ್ಯಾಂಡ್ ಇಡಬೇಡಿ. ಮತ್ತೆ ಹೈ ವೋಲ್ಟೇಜ್ ಇರೋ ಸಪ್ಲೈ, ವೈರ್ ಬದಲಾಯಿಸೋಕ್ಕೆ ಮುಂಚೆ ಆಫ್ ಮಾಡಿ.

ಹಂತ 5: ಒಂದು ಸುತ್ತಿಗೆ ಎಷ್ಟು ಹೊತ್ತು

ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟ ಆಗೋ ಭಾಗ ಇದು. ಸುತ್ತಳತೆಯನ್ನ ಸ್ಪೀಡಿಂದ ಭಾಗಿಸಿ, ತ್ರಿಜ್ಯದ ಜಾಗದಲ್ಲಿ ಮೇಲಿನ ಸೂತ್ರ ಹಾಕಿ. ಸ್ಪೀಡ್ ಮೇಲೂ ಇದೆ ಕೆಳಗೂ ಇದೆ, ಹೊಡೆದು ಹೋಗತ್ತೆ. ಉಳಿಯೋದು,

ಆವರ್ತಕಾಲ = (2 × ಪೈ × ದ್ರವ್ಯರಾಶಿ) ÷ (ಚಾರ್ಜ್ × ಫೀಲ್ಡ್)

ವೇಗನೇ ಇಲ್ಲ! ನಿಧಾನ ಹೋಗೋ ಕಣ ಸಣ್ಣ ವೃತ್ತ ಸುತ್ತತ್ತೆ, ಜೋರಾಗಿ ಹೋಗೋದು ದೊಡ್ಡ ವೃತ್ತ ಸುತ್ತತ್ತೆ, ಆದ್ರೆ ಎರಡೂ ಹೊರಟ ಜಾಗಕ್ಕೆ ಒಂದೇ ಹೊತ್ತಿಗೆ ವಾಪಸ್. ನಮ್ಮ ಎಲೆಕ್ಟ್ರಾನಿಗೆ 1 ಮಿಲಿಟೆಸ್ಲಾದಲ್ಲಿ ಸುತ್ತಿಗೆ 35.7 ನ್ಯಾನೋಸೆಕೆಂಡ್, 200 ವೋಲ್ಟ್ ಕೊಟ್ರೂ ಅಷ್ಟೇ, 300 ಕೊಟ್ರೂ ಅಷ್ಟೇ.

ಭೌತವಿಜ್ಞಾನಿ ಅರ್ನೆಸ್ಟ್ ಲಾರೆನ್ಸ್ ಸೈಕ್ಲೋಟ್ರಾನ್ (ಕಣಗಳನ್ನ ಸುತ್ತಿಸಿ ಸ್ಪೀಡ್ ಹೆಚ್ಚಿಸೋ ಯಂತ್ರ) ಕಟ್ಟಿದ್ದು ಇದೇ ಹೊಡೆದು ಹೋದ ವೇಗದ ಮೇಲೆ. ಕಾಂತಕ್ಷೇತ್ರ ಕಣವನ್ನ ತಿರುಗಿಸಿ ತಿರುಗಿಸಿ ವಾಪಸ್ ತರತ್ತೆ, ಎರಡು ಟೊಳ್ಳು ಡಬ್ಬಗಳ ನಡುವಿನ ಸಂದಿಯಲ್ಲಿ ವಿದ್ಯುತ್ ಕ್ಷೇತ್ರ ಪ್ರತಿ ಸಲ ಒಂದು ನೂಕು ಕೊಡತ್ತೆ. ಸುತ್ತಿನ ಸಮಯ ಬದಲಾಗಲ್ವಲ್ಲ, ಹಾಗಾಗಿ ನೂಕೋ ವೋಲ್ಟೇಜನ್ನ ಒಂದೇ ಫ್ರೀಕ್ವೆನ್ಸಿಯಲ್ಲಿ ಹಿಂದೆ ಮುಂದೆ ಮಾಡ್ತಾ ಇದ್ರೆ ಸಾಕು, ತಾಳ ತಪ್ಪಲ್ಲ. 1931ರಲ್ಲಿ ಲಾರೆನ್ಸ್ ಮತ್ತು ಲಿವಿಂಗ್‌ಸ್ಟನ್ ಸುಮಾರು 11 ಸೆಂಟಿಮೀಟರ್ ಅಗಲದ ಪುಟ್ಟ ಯಂತ್ರದಲ್ಲಿ 2000 ವೋಲ್ಟಿಗಿಂತ ಕಡಿಮೆ ಬಳಸಿ 80,000 ಎಲೆಕ್ಟ್ರಾನ್ ವೋಲ್ಟ್ (ಒಂದು ಎಲೆಕ್ಟ್ರಾನ್ 1 ವೋಲ್ಟ್ ದಾಟಿದಾಗ ಸಿಗೋ ಶಕ್ತಿ 1 ಎಲೆಕ್ಟ್ರಾನ್ ವೋಲ್ಟ್) ಶಕ್ತಿ ತಲುಪಿಸಿದ್ರು. ಲಾರೆನ್ಸ್‌ಗೆ 1939ರಲ್ಲಿ ನೊಬೆಲ್ ಬಂತು. ಇಲ್ಲಿ ಗಮನಿಸಿ, ಶಕ್ತಿ ಕೊಟ್ಟಿದ್ದು ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರ ಬರೀ ವಾಪಸ್ ತಂದು ಬಿಟ್ಟಿದ್ದು.

ನೀವೇ ಒಂದು ಡಿಸೈನ್ ಮಾಡಿ ನೋಡಿ. ಪ್ರೋಟಾನ್, ಫೀಲ್ಡ್ 1 ಟೆಸ್ಲಾ, ಹೊರ ತ್ರಿಜ್ಯ ಅರ್ಧ ಮೀಟರ್. ಫ್ರೀಕ್ವೆನ್ಸಿ 15.2 ಮೆಗಾಹರ್ಟ್ಜ್ ಬರತ್ತೆ, ಹೊರ ಬರೋ ಪ್ರೋಟಾನ್ ಶಕ್ತಿ ಸುಮಾರು 12 ಮೆಗಾ ಎಲೆಕ್ಟ್ರಾನ್ ವೋಲ್ಟ್, ಸ್ಪೀಡ್ ಬೆಳಕಿನ ಶೇಕಡಾ 16. ಇಲ್ಲಿಂದ ಮೇಲೆ ತೊಂದರೆ ಶುರು. ಸಾಪೇಕ್ಷತೆಯಿಂದಾಗಿ ಸಂವೇಗ ಹಳೇ ಲೆಕ್ಕಕ್ಕಿಂತ ಜಾಸ್ತಿ ಆಗತ್ತೆ, ಸುತ್ತಿನ ಸಮಯ ಈಗಾಗ್ಲೇ ಶೇಕಡಾ 1ಕ್ಕಿಂತ ಸ್ವಲ್ಪ ಹೆಚ್ಚು ಉದ್ದ ಆಗಿರತ್ತೆ, ಇನ್ನೂ ಮೇಲೆ ಹೋದ್ರೆ ಕಣ ನೂಕಿನ ಹೊತ್ತಿಗೆ ಬರೋದೇ ಇಲ್ಲ. ಅದಕ್ಕೆ ಫ್ರೀಕ್ವೆನ್ಸಿ ಬದಲಾಯಿಸ್ತಾ ಹೋಗ್ಬೇಕು ಅಥವಾ ಫೀಲ್ಡ್ ಬದಲಾಯಿಸ್ಬೇಕು.

ತ್ರಿಜ್ಯದ ಸೂತ್ರ ಮಾತ್ರ ಕೈ ಬಿಡಲ್ಲ, ದ್ರವ್ಯರಾಶಿ × ವೇಗ ಅನ್ನೋ ಜಾಗದಲ್ಲಿ ನಿಜವಾದ ಸಂವೇಗ ಹಾಕಿದ್ರೆ ಎಷ್ಟು ಸ್ಪೀಡಿಗೂ ಸರಿ. ಕಣ ಭೌತದವ್ರು ಬಳಸೋ ಶಾರ್ಟ್‌ಕಟ್: ಒಂದು ಎಲೆಕ್ಟ್ರಾನಿನಷ್ಟು ಚಾರ್ಜ್ ಇರೋ ಕಣಕ್ಕೆ, ಸಂವೇಗ (ಗಿಗಾ ಎಲೆಕ್ಟ್ರಾನ್ ವೋಲ್ಟ್ ಲೆಕ್ಕದಲ್ಲಿ) = 0.3 × ಫೀಲ್ಡ್ ಟೆಸ್ಲಾದಲ್ಲಿ × ತ್ರಿಜ್ಯ ಮೀಟರಲ್ಲಿ. ಪ್ರೋಟಾನ್‌ಗಳನ್ನ ಸುತ್ತಿಸಿ ಡಿಕ್ಕಿ ಹೊಡೆಸೋ ದೊಡ್ಡ ಯಂತ್ರ ಲಾರ್ಜ್ ಹ್ಯಾಡ್ರಾನ್ ಕೊಲೈಡರ್‌ಗೆ ಹಾಕಿ ನೋಡಿ. ಅದರ ಮ್ಯಾಗ್ನೆಟ್‌ಗಳು 8.33 ಟೆಸ್ಲಾ, ಪ್ರೋಟಾನ್ 7000 ಗಿಗಾ ಎಲೆಕ್ಟ್ರಾನ್ ವೋಲ್ಟಿಗೆ ಡಿಸೈನ್ ಮಾಡಿದ್ದು, ತ್ರಿಜ್ಯ 2.8 ಕಿಲೋಮೀಟರ್ ಬರತ್ತೆ. ಸುತ್ತಳತೆ 17.6 ಕಿಲೋಮೀಟರ್ ಆಯ್ತು, ಆದ್ರೆ ಸುರಂಗ 27 ಕಿಲೋಮೀಟರ್ ಅಲ್ವಾ ಅಂತ ಕೇಳ್ತೀರಾ, ಸರಿಯಾದ ಪ್ರಶ್ನೆ. ಸುತ್ತು ಪೂರ್ತಿ ಬಾಗಿಸೋ ಮ್ಯಾಗ್ನೆಟ್ ಇಲ್ಲ, 1232 ಬಾಗಿಸೋ ಮ್ಯಾಗ್ನೆಟ್‌ಗಳ ನಡುವೆ ನೇರ ದಾರಿನೂ ಇದೆ, ಫೋಕಸ್ ಮಾಡೋವು, ಡಿಟೆಕ್ಟರ್‌ಗಳು ಎಲ್ಲಾ ಅಲ್ಲಿ ಕೂತಿವೆ.

ಹಂತ 6: ಓರೆಯಾಗಿ ಬಂದ್ರೆ ಸುರುಳಿ

ಮೂರನೇ ಹಂತದಲ್ಲಿ ಸೀಳಿದ ಎರಡು ಭಾಗ ಈಗ ಕೂಡಿಸಿ. ಅಡ್ಡ ಭಾಗ ಸುತ್ತತ್ತೆ, ಉದ್ದ ಭಾಗ (ಫೀಲ್ಡ್ ಜೊತೆಗೆ ಸಾಗೋದು) ಮುಂದೆ ತಳ್ಕೊಂಡು ಹೋಗತ್ತೆ, ಎರಡೂ ಸೇರಿ ಸ್ಪ್ರಿಂಗ್ ಆಕಾರ. ಅದೇ ಎಲೆಕ್ಟ್ರಾನ್ ಫೀಲ್ಡಿಗೆ 60 ಡಿಗ್ರಿಯಲ್ಲಿ ಹೊರಟ್ರೆ ಉದ್ದ ಭಾಗ 4.2 × 10⁶, ಅಡ್ಡ ಭಾಗ 7.27 × 10⁶ ಮೀಟರ್ ಪ್ರತಿ ಸೆಕೆಂಡ್. ತ್ರಿಜ್ಯಕ್ಕೆ ಅಡ್ಡ ಭಾಗ ಮಾತ್ರ ಹಾಕಿ, 4.1 ಸೆಂಟಿಮೀಟರ್. ಸುತ್ತಿನ ಸಮಯ ಅದೇ 35.7 ನ್ಯಾನೋಸೆಕೆಂಡ್. ಅಷ್ಟರಲ್ಲಿ ಮುಂದೆ ಹೋಗೋ ದೂರ 15 ಸೆಂಟಿಮೀಟರ್, ಸುರುಳಿಯ ಎರಡು ಸುತ್ತಿನ ನಡುವೆ ಅಷ್ಟು ಅಂತರ. ಇಲ್ಲಿ ಆಗೋ ತಪ್ಪು ಒಂದೇ, ತ್ರಿಜ್ಯಕ್ಕೆ ಪೂರ್ತಿ ವೇಗ ಹಾಕಿಬಿಡೋದು. ಮೇಲೆ ಹೇಳಿದ ಗಾಜಿನ ಬಲ್ಬನ್ನ ಸ್ವಲ್ಪ ತಿರುಗಿಸಿದ್ರೆ ಉಂಗುರ ಬಿಚ್ಕೊಂಡು ಸುರುಳಿ ಆಗೋದು ಕಾಣತ್ತೆ, ಅವಕಾಶ ಸಿಕ್ಕಿದ್ರೆ ದಯವಿಟ್ಟು ನೋಡಿ, ಇಷ್ಟು ಪುಟ ಓದಿದ್ದಕ್ಕಿಂತ ಆ ಒಂದು ನಿಮಿಷ ಹೆಚ್ಚು ಕಲಿಸತ್ತೆ.

ಹಂತ 7: ವಿದ್ಯುತ್ ಕ್ಷೇತ್ರನೂ ಇದ್ರೆ

ಎರಡೂ ಬಲ ಕೂಡಿಸ್ಬೇಕು. ತುಂಬಾ ಉಪಯೋಗ ಆಗೋ ಕೇಸ್ ಅಂದ್ರೆ ಎರಡು ಕ್ಷೇತ್ರ ಒಂದಕ್ಕೊಂದು ಅಡ್ಡ, ಕಣ ಎರಡಕ್ಕೂ ಅಡ್ಡ. ವಿದ್ಯುತ್ ಬಲ ಒಂದು ಕಡೆ ಎಳೀತಿದೆ, ಕಾಂತೀಯ ಬಲ ಎದುರು ಕಡೆ. ಎರಡೂ ಸಮ ಆದ್ರೆ ಕಣ ನೇರ ಹೋಗತ್ತೆ, ಆ ವೇಗ = ವಿದ್ಯುತ್ ಕ್ಷೇತ್ರ ÷ ಕಾಂತಕ್ಷೇತ್ರ. ಚಾರ್ಜೂ ಇಲ್ಲ ದ್ರವ್ಯರಾಶಿನೂ ಇಲ್ಲ, ಆ ಒಂದು ವೇಗ ಇರೋರಿಗೆ ಮಾತ್ರ ದಾರಿ. ಇದನ್ನ ವೇಗ ಆಯ್ಕೆಗಾರ ಅಂತ ಕರೀಬಹುದು. ನಮ್ಮ ಎಲೆಕ್ಟ್ರಾನಿಗೆ ಮೀಟರಿಗೆ 8390 ವೋಲ್ಟ್ ಬೇಕು, 2 ಸೆಂಟಿಮೀಟರ್ ಅಂತರದ ಪ್ಲೇಟ್ ಆದ್ರೆ 168 ವೋಲ್ಟ್. 1897ರಲ್ಲಿ ಜೆ. ಜೆ. ಥಾಮ್ಸನ್ ಕ್ಯಾಥೋಡ್ ಕಿರಣಗಳನ್ನ ಹೀಗೇ ಅಡ್ಡ ಕ್ಷೇತ್ರಗಳ ನಡುವೆ ಬಿಟ್ಟು ವೇಗ ಕಂಡುಹಿಡಿದ್ರು, ಅದರಿಂದ ಚಾರ್ಜ್ ಬೈ ದ್ರವ್ಯರಾಶಿ. ಕಣಗಳನ್ನ ದ್ರವ್ಯರಾಶಿ ನೋಡಿ ಬೇರೆ ಮಾಡೋ ಮಾಸ್ ಸ್ಪೆಕ್ಟ್ರೋಮೀಟರ್‌ಗಳಲ್ಲಿ ಮೊದಲು ಹೀಗೆ ಒಂದೇ ವೇಗದವನ್ನ ಸೋಸಿ, ಆಮೇಲೆ ಬರೀ ಕಾಂತಕ್ಷೇತ್ರದಲ್ಲಿ ಬಾಗಿಸಿದ್ರೆ ಭಾರದ ಅಯಾನು (ಚಾರ್ಜ್ ಇರೋ ಪರಮಾಣು) ದೊಡ್ಡ ತ್ರಿಜ್ಯದಲ್ಲಿ, ಹಗುರದ್ದು ಸಣ್ಣ ತ್ರಿಜ್ಯದಲ್ಲಿ ಹೋಗಿ ಬೇರೆ ಬೇರೆ ಜಾಗದಲ್ಲಿ ಬೀಳತ್ತೆ.

ಹಂತ 8: ಉಲ್ಟಾ ದಾರಿ, ಗೆರೆ ನೋಡಿ ಕಣ ಗುರುತಿಸೋದು

ಪರೀಕ್ಷೆಯಲ್ಲಿ ಕಣ ಕೊಟ್ಟು ಪಥ ಕೇಳ್ತಾರೆ, ಸಂಶೋಧನೆಯಲ್ಲಿ ಪಥ ಸಿಗತ್ತೆ, ಕಣ ಯಾವುದು ಅಂತ ನಾವು ಹೇಳ್ಬೇಕು. ಇದಕ್ಕೆ 2 ಆಗಸ್ಟ್ 1932ರ ಒಂದು ಫೋಟೋಗಿಂತ ಒಳ್ಳೇ ಅಭ್ಯಾಸ ನನಗೆ ಗೊತ್ತಿಲ್ಲ. ಭೌತವಿಜ್ಞಾನಿ ಕಾರ್ಲ್ ಆಂಡರ್ಸನ್ ತೆಗೆದಿದ್ದು, ಕ್ಲೌಡ್ ಚೇಂಬರ್ (ಕಣ ಹೋದ ದಾರಿಯಲ್ಲಿ ಸಣ್ಣ ಹನಿಗಳ ಗೆರೆ ಮೂಡಿಸೋ ಡಬ್ಬ), 1.5 ಟೆಸ್ಲಾ ಫೀಲ್ಡ್ ಪೇಪರ್ ಒಳಕ್ಕೆ, ನಡುವೆ 6 ಮಿಲಿಮೀಟರ್ ದಪ್ಪದ ಸೀಸದ ತಗಡು, ಅದನ್ನ ದಾಟಿ ಹೋದ ಒಂದು ತೆಳ್ಳಗಿನ ಬಾಗಿದ ಗೆರೆ.

ಮೊದಲ ಪ್ರಶ್ನೆ, ಕಣ ಮೇಲಿಂದ ಕೆಳಗೆ ಬಂತಾ ಕೆಳಗಿಂದ ಮೇಲೆ ಹೋಯ್ತಾ? ಗೆರೆ ನೋಡಿದ್ರೆ ದಿಕ್ಕು ಗೊತ್ತಾಗಲ್ಲ. ಅದಕ್ಕೇ ಸೀಸದ ತಗಡು ಇಟ್ಟಿದ್ದು. ತಗಡಿನ ಕೆಳಗೆ ಗೆರೆ ಸಡಿಲವಾಗಿ ಬಾಗಿದೆ, ಮೇಲೆ ಬಿಗಿಯಾಗಿ ಬಾಗಿದೆ. ಕಾಂತಕ್ಷೇತ್ರ ಶಕ್ತಿ ಕಡಿಮೆ ಮಾಡಲ್ಲ, ಸೀಸ ಮಾಡತ್ತೆ, ಸಂವೇಗ ಕಡಿಮೆ ಆದ ಕಡೆ ತ್ರಿಜ್ಯ ಸಣ್ಣದು. ಅಂದ್ರೆ ಕಣ ಕೆಳಗಿಂದ ಮೇಲೆ ಹೋಗಿದೆ. ಎರಡನೇದು, ಮೇಲೆ ಹೋಗ್ತಾ ಎಡಕ್ಕೆ ಬಾಗಿದೆ. ಬಲಗೈ ತೆಗೀರಿ, ಬೆರಳು ಮೇಲಕ್ಕೆ, ಪೇಪರ್ ಒಳಕ್ಕೆ ಮಡಚಿ, ಹೆಬ್ಬೆರಳು ಎಡಕ್ಕೆ. ಪಾಸಿಟಿವ್! ಹಾಗಾದ್ರೆ ಪ್ರೋಟಾನ್ ಇರ್ಬೇಕು ಅನ್ಸತ್ತೆ. ಮೂರನೇ ಪರೀಕ್ಷೆ ಅಲ್ಲಿ ಬರತ್ತೆ. ತಗಡು ದಾಟಿದ ಮೇಲಿನ ಬಾಗು ಪ್ರೋಟಾನಿಂದೇ ಆಗಿದ್ರೆ ಅದರ ಶಕ್ತಿ ಬರೀ 3 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಆಸುಪಾಸು, ಗಾಳಿಯಲ್ಲಿ 5 ಮಿಲಿಮೀಟರ್ ಹೋಗೋ ಅಷ್ಟರಲ್ಲಿ ನಿಂತುಹೋಗ್ಬೇಕಿತ್ತು. ಗೆರೆ 5 ಸೆಂಟಿಮೀಟರಿಗಿಂತ ಉದ್ದ ಇದೆ. ಎಲೆಕ್ಟ್ರಾನಿನಷ್ಟು ಹಗುರದ ಕಣ ಅಂತ ತಗೊಂಡ್ರೆ ತಗಡಿನ ಮುಂಚೆ 63, ಆಮೇಲೆ 23 ಮೆಗಾ ಎಲೆಕ್ಟ್ರಾನ್ ವೋಲ್ಟ್, ಎಲ್ಲಾ ಕೂಡಿ ಬರತ್ತೆ. ಎಲೆಕ್ಟ್ರಾನಿನಷ್ಟೇ ಹಗುರ, ಆದ್ರೆ ಪಾಸಿಟಿವ್. ಪಾಸಿಟ್ರಾನ್ ಸಿಕ್ಕಿದ್ದು ಹೀಗೆ, 1936ರಲ್ಲಿ ಆಂಡರ್ಸನ್‌ಗೆ ನೊಬೆಲ್. ನೀವು 0.3ರ ಶಾರ್ಟ್‌ಕಟ್ ಹಾಕಿ ತ್ರಿಜ್ಯ ತೆಗೀರಿ, ಕೆಳಗೆ 14 ಸೆಂಟಿಮೀಟರ್, ಮೇಲೆ 5 ಸೆಂಟಿಮೀಟರ್ ಬರ್ಬೇಕು.

ಹಂತ 9: ಕಂಪ್ಯೂಟರಲ್ಲಿ ಓಡಿಸಿ ನೋಡೋದು

ಫೀಲ್ಡ್ ಎಲ್ಲಾ ಕಡೆ ಒಂದೇ ಇಲ್ಲ ಅಂದ್ರೆ ಸೂತ್ರ ಸಾಲಲ್ಲ, ಸಣ್ಣ ಸಣ್ಣ ಹೆಜ್ಜೆಯಾಗಿ ಲೆಕ್ಕ ಹಾಕ್ಬೇಕು. ಎಲ್ಲರೂ ಮೊದಲು ಬರೆಯೋ ಕೋಡ್ ಹೀಗಿರತ್ತೆ: ಈಗಿನ ವೇಗದಿಂದ ಬಲ ತೆಗಿ, ಬಲ ÷ ದ್ರವ್ಯರಾಶಿ × ಸಮಯದ ಹೆಜ್ಜೆಯನ್ನ ವೇಗಕ್ಕೆ ಕೂಡಿಸು, ವೇಗದಿಂದ ಜಾಗ ಬದಲಾಯಿಸು. ಓಡಿಸಿದ್ರೆ ವೃತ್ತ ಬರಲ್ಲ, ಹೊರಕ್ಕೆ ಹಿಗ್ಗೋ ಸುರುಳಿ ಬರತ್ತೆ, ಮತ್ತೆ ಜನ ಹೆಜ್ಜೆ ಸಣ್ಣದು ಮಾಡ್ತಾ ಕೂರ್ತಾರೆ. ಕಾರಣ ಇಷ್ಟೇ. ಕೂಡಿಸಿದ ತುಂಡು ವೇಗಕ್ಕೆ ಅಡ್ಡವಾಗಿದೆ, ಲಂಬಕೋನ ತ್ರಿಕೋನದಲ್ಲಿ ವಿಕರ್ಣ ಯಾವಾಗ್ಲೂ ಬಾಹುವಿಗಿಂತ ಉದ್ದ, ಹಾಗಾಗಿ ಪ್ರತಿ ಹೆಜ್ಜೆಗೂ ಸ್ಪೀಡ್ ಒಂಚೂರು ಏರತ್ತೆ. ಒಂದು ಸುತ್ತನ್ನ 100 ಹೆಜ್ಜೆ ಮಾಡಿದ್ರೂ ಸುತ್ತು ಮುಗಿಯೋ ಹೊತ್ತಿಗೆ ಸ್ಪೀಡ್ ಶೇಕಡಾ 22 ಜಾಸ್ತಿ, ಶಕ್ತಿ ಶೇಕಡಾ 48 ಜಾಸ್ತಿ, ಎಲ್ಲಿಂದ ಬಂತು? ಕಾಂತಕ್ಷೇತ್ರ ಕೊಡಲ್ಲ ಅಂತ ಮೊದಲೇ ಹೇಳಿದ್ವಿ.

ಪರಿಹಾರ ಏನಂದ್ರೆ ಕೂಡಿಸಬೇಡಿ, ತಿರುಗಿಸಿ. ಪ್ರತಿ ಹೆಜ್ಜೆಯಲ್ಲಿ ವೇಗದ ಅಡ್ಡ ಭಾಗವನ್ನ (ಚಾರ್ಜ್ × ಫೀಲ್ಡ್ ÷ ದ್ರವ್ಯರಾಶಿ) × ಸಮಯದ ಹೆಜ್ಜೆ ಅನ್ನೋ ಕೋನದಷ್ಟು ಸೈನ್ ಕೊಸೈನ್ ಬಳಸಿ ತಿರುಗಿಸಿ, ಸ್ಪೀಡ್ ಎಳ್ಳಷ್ಟೂ ಬದಲಾಗಲ್ಲ. ವಿದ್ಯುತ್ ಕ್ಷೇತ್ರ ಇದ್ರೆ ಅದರ ಅರ್ಧ ನೂಕು ಮೊದಲು, ಆಮೇಲೆ ತಿರುಗಿಸೋದು, ಆಮೇಲೆ ಉಳಿದ ಅರ್ಧ. ಇದೇ ಉಪಾಯದ ಮೇಲೆ ನಿಂತ ಬೋರಿಸ್ ವಿಧಾನ 1970ರದ್ದು, ಪ್ಲಾಸ್ಮಾ (ಚಾರ್ಜ್ ಇರೋ ಕಣಗಳ ಗ್ಯಾಸ್) ಲೆಕ್ಕ ಹಾಕೋರು ಈಗ್ಲೂ ಇದನ್ನೇ ಬಳಸ್ತಾರೆ. ಸಾವಿರ ಹೆಜ್ಜೆಗೊಮ್ಮೆ ಸ್ಪೀಡ್ ಪ್ರಿಂಟ್ ಮಾಡಿಸಿ, ಬರೀ ಕಾಂತಕ್ಷೇತ್ರ ಇದ್ದಾಗ ಅದು ಅಲ್ಲಾಡಬಾರದು.

ಕೋಡ್ ಸರಿಯಾದ ಮೇಲೆ ಮೊದಲು ಓಡಿಸ್ಬೇಕಾದ್ದು ಎರಡು ತುದಿಯಲ್ಲಿ ಫೀಲ್ಡ್ ಬಿಗಿ, ನಡುವೆ ಸಡಿಲ ಇರೋ ಆಕಾರ. ಕಣ ಸುರುಳಿ ಸುತ್ತುತ್ತಾ ತುದಿ ಕಡೆ ಹೋಗತ್ತೆ, ಫೀಲ್ಡ್ ಹೆಚ್ಚಾದ ಹಾಗೆ ಸುತ್ತೋ ಭಾಗ ಏರತ್ತೆ, ಒಟ್ಟು ಸ್ಪೀಡ್ ಬದಲಾಗೋ ಹಾಗಿಲ್ಲ, ಹಾಗಾಗಿ ಮುಂದೆ ಹೋಗೋ ಭಾಗ ತಗ್ತಾ ತಗ್ತಾ ಸೊನ್ನೆ ಆಗಿ ಕಣ ವಾಪಸ್ ತಿರುಗತ್ತೆ. ತುದಿಯ ಫೀಲ್ಡ್ ನಡುವಿನದರ 4 ಪಟ್ಟು ಇಟ್ಟು ನೋಡಿ. ನಡುವಿಂದ ಹೊರಡುವಾಗ ಫೀಲ್ಡಿನ ಗೆರೆಗೆ 30 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಹೊರಟ ಕಣ ತುದಿ ದಾಟಿ ತಪ್ಪಿಸ್ಕೊಳ್ಳತ್ತೆ, ಅದಕ್ಕಿಂತ ಹೆಚ್ಚು ಕೋನದವು ಒಳಗೇ ಹಿಂದೆ ಮುಂದೆ ಓಡಾಡ್ತಾ ಇರತ್ತೆ. 29 ಡಿಗ್ರಿ ಒಂದ್ಸಲ, 31 ಡಿಗ್ರಿ ಒಂದ್ಸಲ ಹಾಕಿ. ಸುರುಳಿಯ ತ್ರಿಜ್ಯ ಫೀಲ್ಡ್ ಬದಲಾಗೋ ದೂರಕ್ಕಿಂತ ತುಂಬಾ ಸಣ್ಣದಿರ್ಬೇಕು, ಇಲ್ಲಾಂದ್ರೆ ಈ 30ರ ಗಡಿ ಮಸುಕಾಗತ್ತೆ. ಭೂಮಿಯ ಫೀಲ್ಡ್ ಕೂಡ ಧ್ರುವಗಳ ಕಡೆ ಬಿಗಿ, ಸಮಭಾಜಕದ ಮೇಲೆ ಎತ್ತರದಲ್ಲಿ ಸಡಿಲ. 1958ರಲ್ಲಿ ಎಕ್ಸ್‌ಪ್ಲೋರರ್ 1 ಉಪಗ್ರಹದಲ್ಲಿದ್ದ ಎಣಿಕೆ ಯಂತ್ರದಿಂದ ಜೇಮ್ಸ್ ವ್ಯಾನ್ ಅಲೆನ್ ಪತ್ತೆ ಮಾಡಿದ ವಿಕಿರಣ ಪಟ್ಟಿಗಳಲ್ಲಿ ಇರೋ ಕಣಗಳು ನಿಮ್ಮ ಸ್ಕ್ರೀನ್ ಮೇಲಿನ ಆ 31 ಡಿಗ್ರಿಯ ಕಣದ ಥರಾನೇ, ಉತ್ತರದಿಂದ ದಕ್ಷಿಣಕ್ಕೆ, ಮತ್ತೆ ದಕ್ಷಿಣದಿಂದ ಉತ್ತರಕ್ಕೆ ಓಡಾಡ್ತಾ ಸಿಕ್ಕಿಹಾಕ್ಕೊಂಡಿವೆ.